ಸೆಕೆಂಡ್ ಹ್ಯಾಂಡ್ ನಿಕಾನ್ ಡಿ3200 ಕ್ಯಾಮೆರಾ, ಮೂರು ಲೆನ್ಸ್, ಒಂದರಲ್ಲೂ ಆಟೋಫೋಕಸ್ ಇಲ್ಲ: ಬಾಡಿ ವಾಪಸ್ ಕೊಡಲಾ?

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಒಬ್ಬರ ಹತ್ತಿರ ಹಳೇ ನಿಕಾನ್ ಡಿ3200 ತಗೊಂಡಿದೀನಿ. ಜೊತೆಗೆ 18-55 ಎಂಎಂ, 70-300 ಎಂಎಂ ಎರಡು ಲೆನ್ಸ್ ಕೊಟ್ಟಿದಾರೆ. ನಮ್ಮ ಸೋದರಮಾವ ರೀಲ್ ಕ್ಯಾಮೆರಾದ ಕಾಲದಲ್ಲಿ ಬಳಸ್ತಿದ್ದ 50 ಎಂಎಂ ನಿಕಾನ್ ಲೆನ್ಸ್ ಕೂಡ ಮನೇಲಿತ್ತು. ಮೂರೂ ಕ್ಯಾಮೆರಾ ಬಾಡಿಗೆ ಸರಿಯಾಗಿ ಕೂರುತ್ತೆ, ಟಕ್ ಅಂತ ಲಾಕ್ ಆಗುತ್ತೆ. ಆದರೆ ಒಂದರಲ್ಲೂ ಆಟೋಫೋಕಸ್ ಇಲ್ಲ.

18-55 ಹಾಕಿ ಬಟನ್ ಅರ್ಧ ಒತ್ತಿದ್ರೆ ಸದ್ದೇ ಇಲ್ಲ. ರಿಂಗ್ ಕೈಯಲ್ಲಿ ತಿರುಗಿಸಿದ್ರೂ ವ್ಯೂಫೈಂಡರ್‌ನಲ್ಲಿ ಮಸುಕು ಹಾಗೇ ಇರುತ್ತೆ. 70-300 ಕೈಯಲ್ಲಿ ತಿರುಗಿಸಿದ್ರೆ ಸ್ಪಷ್ಟ ಆಗುತ್ತೆ, ತಾನಾಗಿ ಆಗಲ್ಲ. ಮಾವನ 50 ಹಾಕಿದ್ರೆ ಎಫ್ ಇ ಇ ಅಂತ ಮಿಣುಕುತ್ತೆ, ಶಟರ್ ಬೀಳೋದೇ ಇಲ್ಲ.

ಮಾರಿದವರು ಭಾನುವಾರದೊಳಗೆ ತಂದರೆ ದುಡ್ಡು ವಾಪಸ್ ಅಂದಿದಾರೆ. ಮೂರು ಲೆನ್ಸಲ್ಲೂ ಹೀಗಾದ್ರೆ ಬಾಡಿನೇ ಹಾಳಾಗಿದೆ ಅಂತಲ್ವಾ? ಮಂಡಗದ್ದೆಯಲ್ಲಿ ಬೆಳ್ಳಕ್ಕಿ ಗೂಡು ಕಟ್ಟೋ ಹೊತ್ತಿಗೆ ಕ್ಯಾಮೆರಾ ಕೈಯಲ್ಲಿರಬೇಕು ಅಂತ ಆಸೆ ಇತ್ತು.

ದುರ್ಗಿಗುಡಿ ಸ್ಟುಡಿಯೋ

ಬಾಡಿ ಹಾಳು ಅಂತ ಈಗಲೇ ತೀರ್ಮಾನ ಮಾಡಬೇಡಿ ತಮ್ಮಾ. ನೀವು ಹೇಳಿದ ಮೂರೂ ಲಕ್ಷಣ ಬೇರೆ ಬೇರೆ. ಒಂದೇ ಕಾಯಿಲೆ ಆಗಿದ್ರೆ ಮೂರು ಲೆನ್ಸಲ್ಲೂ ಒಂದೇ ಥರ ಕಾಣಿಸಬೇಕಿತ್ತು.

ಮೊದಲು ಮೂರೂ ಲೆನ್ಸ್ ಮೇಲೆ ಬರೆದಿರೋದನ್ನ ಒಂದಕ್ಷರ ಬಿಡದೆ ಇಲ್ಲಿ ಬರೆಯಿರಿ. ಆಮೇಲೆ ಲೆನ್ಸ್ ಬಿಚ್ಚಿ ಹಿಂಭಾಗದ ಬಳೆ ನೋಡಿ. ಅದರಲ್ಲಿ ಸ್ಕ್ರೂಡ್ರೈವರ್ ತುದಿ ಕೂರೋ ಹಾಗೆ ಸಣ್ಣ ಸೀಳಿರುವ ಗುಂಡಿ ಇದ್ಯಾ? ಪಕ್ಕದಲ್ಲಿ ಎ–ಎಂ (ಆಟೋ–ಮ್ಯಾನುಯಲ್) ಅಂತ ಸ್ವಿಚ್ ಇದ್ಯಾ? 50ರಲ್ಲಿ ಅಪರ್ಚರ್ (ಬೆಳಕು ಒಳಗೆ ಬಿಡೋ ಕಿಂಡಿ) ರಿಂಗ್ ಯಾವ ಅಂಕಿಯಲ್ಲಿದೆ?

ತುಂಗಾತೀರ, ತೀರ್ಥಹಳ್ಳಿ

ಅಣ್ಣ, ನೋಡಿದೆ.

18-55: ಎಎಫ್-ಪಿ ನಿಕ್ಕೋರ್, 3.5-5.6 ಜಿ, ಡಿಎಕ್ಸ್, ವಿಆರ್. ಸೀಳೂ ಇಲ್ಲ, ಯಾವ ಸ್ವಿಚ್ಚೂ ಇಲ್ಲ. ಒಂದು ಬಟನ್ ಒತ್ತಿ ಲೆನ್ಸ್ ಹೊರಗೆ ತಿರುಗಿಸಿ ತೆಗೀಬೇಕು.
70-300: ಎಎಫ್ ನಿಕ್ಕೋರ್, 4-5.6 ಜಿ. ಹಿಂದೆ ಸೀಳು ಇದೆ.
50: ಎಎಫ್ ನಿಕ್ಕೋರ್ 1.8 ಡಿ. ಸೀಳು ಇದೆ. ರಿಂಗ್ 5.6ರಲ್ಲಿದೆ.

ದುರ್ಗಿಗುಡಿ ಸ್ಟುಡಿಯೋ

ಉತ್ತರ ಸಿಕ್ಕಿತು. ನಿಮ್ಮ ಬಾಡಿ ಚೆನ್ನಾಗಿರೋ ಸಾಧ್ಯತೆನೇ ಹೆಚ್ಚು. ಮೂರು ಲೆನ್ಸಿಗೂ ಮೂರು ಬೇರೆ ಕಾರಣ ಇದೆ.

ನಿಕಾನ್ ಎಫ್ ಮೌಂಟ್, ಅಂದ್ರೆ ಲೆನ್ಸ್ ಕೂರೋ ಬಾಯಿ, 1959ರಿಂದ ಬಂದಿರೋದು. ಬಾಯಿಯ ಅಳತೆ ಅದೇ ಇರೋದ್ರಿಂದ ಹಳೇದು ಹೊಸದು ಎಲ್ಲ ಕೂರುತ್ತೆ. ಕೂತ ಮಾತ್ರಕ್ಕೆ ಕೆಲಸ ಮಾಡುತ್ತೆ ಅಂತ ಅರ್ಥ ಅಲ್ಲ. ಇಷ್ಟು ವರ್ಷದಲ್ಲಿ ಫೋಕಸ್ ಮಾಡಿಸೋ ವಿಧಾನ ಮೂರು ಸಲ ಬದಲಾಗಿದೆ, ನಿಮ್ಮ ಸಮಸ್ಯೆ ಪೂರ್ತಿ ಅಲ್ಲೇ ಇರೋದು.

ಹಳೇ ಎಎಫ್ ಲೆನ್ಸಲ್ಲಿ ಮೋಟಾರ್ ಇಲ್ಲ. ಹಿಂದಿನ ಸೀಳಿಗೆ ಕ್ಯಾಮೆರಾದಿಂದ ಒಂದು ಕಡ್ಡಿ ಬಂದು ತಿರುಗಿಸಬೇಕು. ಡಿ70, ಡಿ80, ಡಿ90, ಡಿ7000, ಡಿ7100, ಡಿ7200 ಇವುಗಳ ಬಾಯಿಯಲ್ಲಿ ಕೆಳಗೆ ಆ ಕಡ್ಡಿ ಕಣ್ಣಿಗೇ ಕಾಣುತ್ತೆ. ಡಿ40, ಡಿ60 ಮತ್ತು ಡಿ3000, ಡಿ5000 ಸಾಲಿನ ಯಾವ ಬಾಡಿಯಲ್ಲೂ ಅದಿಲ್ಲ. ಹಾಗಾಗಿ ನಿಮ್ಮ 70-300 ಮತ್ತು 50 ಎರಡೂ ಡಿ3200ರಲ್ಲಿ ಕೈಯಲ್ಲೇ ಫೋಕಸ್ ಮಾಡಬೇಕಾದ ಲೆನ್ಸ್‌ಗಳು. ಬೆಳಕಿನ ಅಳತೆ ಮಾತ್ರ ಸರಿಯಾಗಿ ಬರುತ್ತೆ.

ಎಎಫ್-ಎಸ್ ಲೆನ್ಸಲ್ಲಿ ಮೋಟಾರ್ ಒಳಗೇ ಇದೆ. ನಿಮ್ಮ ಬಾಡಿಗೆ ಬೇಕಾಗಿರೋದು ಇದು.

ಎಎಫ್-ಪಿ ಅಂದ್ರೆ 2016ರಿಂದ ಬಂದ ಸ್ಟೆಪಿಂಗ್ ಮೋಟಾರ್ ಲೆನ್ಸ್. ಇದರಲ್ಲಿ ಫೋಕಸ್ ರಿಂಗಿಗೂ ಒಳಗಿನ ಗಾಜಿಗೂ ನೇರ ಸಂಬಂಧ ಇಲ್ಲ, ರಿಂಗ್ ತಿರುಗಿಸಿದಾಗಲೂ ಗಾಜನ್ನ ಸರಿಸೋದು ಆ ಮೋಟಾರೇ. ಡಿ3200 ಬಂದಿದ್ದು 2012ರಲ್ಲಿ, ಅದಕ್ಕೆ ಈ ಲೆನ್ಸ್ ನಡೆಸೋಕೆ ಬರಲ್ಲ. ಅದಕ್ಕೇ ಆಟೋನೂ ಇಲ್ಲ, ಕೈಯಲ್ಲೂ ಆಗಲ್ಲ. ಲೆನ್ಸ್ ಕೆಟ್ಟಿಲ್ಲ, ಬಾಡಿಯೂ ಕೆಟ್ಟಿಲ್ಲ, ಜೋಡಿ ತಪ್ಪು.

ಇನ್ನು 50: ರಿಂಗನ್ನ ಕೇಸರಿ ಬಣ್ಣದ 22ಕ್ಕೆ ತಿರುಗಿಸಿ, ಅಲ್ಲೇ ಪಕ್ಕದಲ್ಲಿರೋ ಸಣ್ಣ ಲಾಕ್ ಸರಿಸಿಬಿಡಿ. ಎಫ್ ಇ ಇ ಹೋಗುತ್ತೆ. ಅಪರ್ಚರ್ ಆಮೇಲೆ ಕ್ಯಾಮೆರಾದಿಂದಲೇ ಬದಲಾಯಿಸಬಹುದು. ರಿಂಗ್ ಸಣ್ಣ ಅಪರ್ಚರಿನಲ್ಲಿ ನಿಂತಿಲ್ಲ ಅಂತ ಹೇಳೋದಷ್ಟೇ ಆ ಸೂಚನೆಯ ಕೆಲಸ.

ಸಾಗರ ಜೋಗದ ರಸ್ತೆ

ಒಂದು ಸಂಶಯ. ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿದ್ರೆ ಎಎಫ್-ಪಿ ಕೆಲಸ ಮಾಡುತ್ತೆ ಅಂತ ಓದಿದ್ದೆ. ವಾಪಸ್ ಕೊಡೋ ಮೊದಲು ಅದನ್ನೂ ನೋಡಬಹುದಲ್ವಾ?

ದುರ್ಗಿಗುಡಿ ಸ್ಟುಡಿಯೋ

ಅದು ಡಿ3300, ಡಿ5300, ಡಿ5500ರ ಮಾತು. ಅವಕ್ಕೆ ನಿಕಾನ್ ಅಪ್‌ಡೇಟ್ ಬಿಟ್ಟಿದೆ. ಡಿ3400, ಡಿ3500, ಡಿ5600 ಹುಟ್ಟುವಾಗಲೇ ಹೊಂದಿಕೊಂಡು ಬಂದವು. ಡಿ3200, ಡಿ3100, ಡಿ5100, ಡಿ90 ಇವು ನಿಕಾನ್ ಹೊಂದಲ್ಲ ಅಂತ ಹೇಳಿರೋ ಪಟ್ಟಿಯಲ್ಲಿವೆ. ಅಪ್‌ಡೇಟ್ ಹಾಕಿ ಕಾಯೋದ್ರಲ್ಲಿ ಪ್ರಯೋಜನ ಇಲ್ಲ.

ಇಲ್ಲಿ ಮಾರೋರು ಕೊಳ್ಳೋರು ಇಬ್ಬರೂ ಎಡವೋದು ಒಂದು ಕಡೆ ಇದೆ. 2014ರಲ್ಲಿ ಬಂದ ಎಎಫ್-ಎಸ್ 18-55 ವಿಆರ್ ಎರಡನೇ ಆವೃತ್ತಿಯೂ ಬಟನ್ ಒತ್ತಿ ಹೊರಗೆ ತೆಗೆಯೋದೇ. ದೂರದಿಂದ ನೋಡಿದ್ರೆ ಎರಡೂ ಅಣ್ಣತಮ್ಮಂದಿರ ಹಾಗೆ ಇರುತ್ತೆ. ಪಕ್ಕದಲ್ಲಿ ಎ–ಎಂ ಸ್ವಿಚ್, ವಿಆರ್ (ಕೈ ನಡುಕ ಸರಿದೂಗಿಸೋದು) ಸ್ವಿಚ್ ಇದ್ರೆ ಎಎಫ್-ಎಸ್. ಪಕ್ಕ ಖಾಲಿ ಇದ್ರೆ ಎಎಫ್-ಪಿ. ನಿಮಗೆ ಮಾರಿದವರು ಬೇಕಂತ ಮೋಸ ಮಾಡಿದಾರೆ ಅಂತ ನನಗೆ ಅನ್ನಿಸಲ್ಲ. ಮನೆಯಲ್ಲಿ ಎರಡು ಕ್ಯಾಮೆರಾ ಇಟ್ಕೊಂಡಿದ್ದೋರು ಲೆನ್ಸ್ ಅದಲುಬದಲು ಮಾಡಿ ಮಾರೋದು ಸಾಮಾನ್ಯ. ಸಮಾಧಾನವಾಗಿ ಮಾತಾಡಿ.

ಮಂಡಗದ್ದೆ ನೀರುಕಾಗೆ

ಲೆನ್ಸ್ ವಿಷಯ ಅಣ್ಣ ಬಿಡಿಸಿ ಹೇಳಿದಾರೆ. ಆದರೂ ಬಾಡಿ ಸರಿ ಇದೆ ಅಂತ ಭಾನುವಾರದೊಳಗೆ ನೀವೇ ಖಾತ್ರಿ ಮಾಡ್ಕೊಳ್ಳಿ. ಇದಕ್ಕೆ ದುಡ್ಡು ಖರ್ಚಿಲ್ಲ.

ಮೊದಲನೇದು ಎಲ್ಲಕ್ಕಿಂತ ಮುಖ್ಯ: ಕೆಲಸ ಮಾಡ್ತಿದೆ ಅಂತ ಗೊತ್ತಿರೋ ಒಂದು ಎಎಫ್-ಎಸ್ ಲೆನ್ಸ್ ಯಾರ ಹತ್ತಿರಾದ್ರೂ ಕಡ ತಂದು ಹಾಕಿ. ಅದು ಫೋಕಸ್ ಆದ್ರೆ ಬಾಡಿಯ ಫೋಕಸ್ ವ್ಯವಸ್ಥೆ ಸರಿ ಇದೆ. ಆಗದಿದ್ರೆ ಲೆನ್ಸ್ ಮೇಲಿನ ಸ್ವಿಚ್ ಎ ಕಡೆ ಇದ್ಯಾ, ಕ್ಯಾಮೆರಾ ಮೆನುವಿನಲ್ಲಿ ಫೋಕಸ್ ಮೋಡ್ ಮ್ಯಾನುಯಲ್‌ಗೆ ಸಿಕ್ಕಿಕೊಂಡಿದ್ಯಾ ನೋಡಿ. ಒಂದು ಸಲಕ್ಕೆ ಒಂದೇ ಬದಲಾಯಿಸಿ. ಲೆನ್ಸ್, ಬ್ಯಾಟರಿ, ಕಾರ್ಡ್ ಮೂರೂ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ಆಮೇಲೆ ಶಟರ್. ಒಳ್ಳೇ ಬಿಸಿಲಲ್ಲಿ ಆಕಾಶವನ್ನೋ ಬಿಳೀ ಗೋಡೆಯನ್ನೋ 1/4000 ಸೆಕೆಂಡಿನ ಶಟರ್ ವೇಗದಲ್ಲಿ ತೆಗೀರಿ. ಒಂದು ಬದಿಯಲ್ಲಿ ಕಪ್ಪು ಪಟ್ಟಿ ಬಂದ್ರೆ ಅಥವಾ ಮೇಲೆ ಕೆಳಗೆ ಬೆಳಕು ಬೇರೆ ಬೇರೆ ಇದ್ರೆ ಶಟರ್ ಪರದೆ ದಣಿದಿದೆ ಅಂತ ಅರ್ಥ, ಅಂಥದ್ದು ಬೇಡ.

ಚಿತ್ರ ಹಿಡಿಯೋ ಸೆನ್ಸರಿನ ಧೂಳು ನೋಡೋಕೆ ಅಪರ್ಚರ್ ಎಫ್ 16 ಅಥವಾ 22 ಇಟ್ಟು ಆಕಾಶ ತೆಗೀರಿ. ಬೂದು ಚುಕ್ಕಿಗಳು ಕಾಣುತ್ತೆ. ಧೂಳು ದೊಡ್ಡ ದೋಷ ಅಲ್ಲ, ತೆಗೀಬಹುದು. ಆದರೆ ಚುಕ್ಕಿ ಬದಲು ಉದ್ದ ಗೀಟು ಕಂಡು, ಒರೆಸಿದ ಮೇಲೂ ಹೋಗದಿದ್ರೆ ಯಾರೋ ಒರಟಾಗಿ ಉಜ್ಜಿದಾರೆ. ಲೆನ್ಸ್ ಕ್ಯಾಪ್ ಹಾಕಿ ಕೆಲವು ಸೆಕೆಂಡಿನ ಎಕ್ಸ್‌ಪೋಷರ್ ತೆಗೆದು ದೊಡ್ಡದು ಮಾಡಿ ನೋಡಿ, ಕೆಂಪು ನೀಲಿ ಚುಕ್ಕಿ ತುಂಬ ಇದ್ರೆ ಹಾಟ್ ಪಿಕ್ಸೆಲ್. ಒಂದೆರಡು ಇರೋದು ಸಹಜ.

ಅಪರ್ಚರ್ ಪರೀಕ್ಷೆ ಬಹಳ ಜನ ಮಾಡಲ್ಲ, ನೀವು ಮಾಡಿ. ಮೋಡ್ ಡಯಲ್ ಎ ಗೆ (ಶಟರ್ ವೇಗ ಕ್ಯಾಮೆರಾನೇ ಆರಿಸೋ ಮೋಡ್) ಇಟ್ಟು ಒಂದೇ ಗೋಡೆಯನ್ನ ಎಫ್ 5.6, 8, 16ರಲ್ಲಿ ತೆಗೀರಿ. ಮೂರೂ ಚಿತ್ರದ ಬೆಳಕು ಒಂದೇ ಇರಬೇಕು. ಅಂಕಿ ಹೆಚ್ಚಿದ ಹಾಗೆ ಚಿತ್ರ ಬೆಳ್ಳಗಾಗ್ತಾ ಹೋದ್ರೆ ಲೆನ್ಸಿನ ಎಲೆಗಳು ಎಣ್ಣೆ ಹಿಡಿದು ನಿಧಾನ ಆಗಿವೆ, ಇಲ್ಲಾಂದ್ರೆ ಬಾಡಿಯೊಳಗಿನ ಅಪರ್ಚರ್ ಕೊಕ್ಕೆ ಬಗ್ಗಿದೆ. ಎರಡು ಲೆನ್ಸಲ್ಲಿ ಮಾಡಿದ್ರೆ ಯಾವುದರ ತಪ್ಪು ಅಂತ ತಿಳಿಯುತ್ತೆ.

ಶಟರ್ ಎಷ್ಟು ಸಲ ಬಿದ್ದಿದೆ ಅನ್ನೋದು ನಿಕಾನ್‌ನ ಜೆಪೆಗ್ ಫೈಲಿನೊಳಗೇ ದಾಖಲಾಗಿರುತ್ತೆ. ಎಕ್ಸಿಫ್ (ಫೋಟೋ ಜೊತೆ ದಾಖಲಾಗೋ ಮಾಹಿತಿ) ಓದೋ ತಂತ್ರಾಂಶದಲ್ಲಿ ಕಾಣುತ್ತೆ. ವಾಟ್ಸಾಪಲ್ಲಿ ಸಾಮಾನ್ಯ ಫೋಟೋ ಥರ ಕಳಿಸಿದ್ರೆ ಆ ಮಾಹಿತಿ ಅಳಿಸಿಹೋಗುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲಾ ಕಾರ್ಡಿಂದ ನೇರವಾಗಿ ಕಾಪಿ ಮಾಡಿ. ಡಿ3200ರ ಶಟರನ್ನ 1,00,000 ಸಲಕ್ಕೆ ಪರೀಕ್ಷಿಸಿದಾರೆ. ಅದರಾಚೆ ನಡೆಯಲ್ಲ ಅಂತಲ್ಲ, ಆದರೆ ಬೆಲೆ ಮಾತಾಡುವಾಗ ಆ ಅಂಕಿ ಕೈಯಲ್ಲಿರಲಿ.

ಹೊಸನಗರ ಅಡಿಕೆತೋಟ

ಕ್ಯಾನನ್ ಇರೋರೂ ಈ ಚರ್ಚೆ ಓದ್ತಿರಬಹುದು, ಅವರಿಗೊಂದು ಮಾತು. ಕ್ಯಾನನ್ ಇಎಫ್ ಮೌಂಟಲ್ಲಿ ಸ್ಕ್ರೂ ಮೋಟಾರ್ ಗೊಂದಲ ಇಲ್ಲ. 1987ರಿಂದಲೂ ಮೋಟಾರ್ ಲೆನ್ಸೊಳಗೇ. ಅಲ್ಲಿ ನೋಡ್ಕೋಬೇಕಾದ್ದು ಇಎಫ್-ಎಸ್ ಲೆನ್ಸ್ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಬಾಡಿಗೆ ಕೂರಲ್ಲ ಅನ್ನೋದು. ಬಿಳೀ ಚೌಕ ಗುರುತಿದ್ರೆ ಇಎಫ್-ಎಸ್, ಕೆಂಪು ಚುಕ್ಕಿ ಇದ್ರೆ ಇಎಫ್.

ಎರರ್ 01 ಬಂದ್ರೆ ಲೆನ್ಸ್ ಮತ್ತು ಬಾಡಿ ನಡುವೆ ಸಂಪರ್ಕ ಸಿಗ್ತಿಲ್ಲ ಅಂತ. ಆಫ್ ಮಾಡಿ, ಬ್ಯಾಟರಿ ತೆಗೆದು, ಚಿನ್ನದ ಬಣ್ಣದ ಸಂಪರ್ಕಗಳನ್ನ ನಯವಾದ ಒಣ ಬಟ್ಟೆಯಲ್ಲಿ ಒರೆಸಿ. ಆದರೂ ಬಂದ್ರೆ ಅಪರ್ಚರ್ ಪೂರ್ತಿ ತೆರೆದು ಒಂದು ಫೋಟೋ, ಎಫ್ 8ರಲ್ಲಿ ಒಂದು ಫೋಟೋ ತೆಗೀರಿ. ತೆರೆದಾಗ ಬಂದು 8ರಲ್ಲಿ ಎರರ್ ಆದ್ರೆ ಅಪರ್ಚರಿಗೆ ಹೋಗೋ ತೆಳು ಫ್ಲೆಕ್ಸ್ ಕೇಬಲ್ ಸವೆದು ತುಂಡಾಗಿರುತ್ತೆ. ಜೂಮ್ ಮಾಡಿದಾಗೆಲ್ಲ ಮಡಚಿ ಬಿಚ್ಚಿ ಆಗೋದು ಅದು. ಬಾಡಿ ರಿಪೇರಿಗೆ ಕೊಡೋ ಮೊದಲು ಈ ಒಂದು ಪರೀಕ್ಷೆ ಮಾಡಿದ್ರೆ ದುಡ್ಡು ಉಳಿಯುತ್ತೆ.

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇವತ್ತು ಮಾಡಿದ್ದು ಹೇಳ್ತೀನಿ.

ಕೊಪ್ಪದ ಗೆಳೆಯನ ಎಎಫ್-ಎಸ್ 18-55 ಹಾಕಿದೆ. ಅರ್ಧ ಒತ್ತಿದ ಕೂಡಲೇ ಫೋಕಸ್! ಬೀಪ್ ಕೇಳಿ ಎಷ್ಟು ಖುಷಿ ಆಯ್ತು ಅಂತ ಹೇಳೋಕಾಗಲ್ಲ. ಮಾವನ 50ನ್ನ 22ಕ್ಕೆ ಇಟ್ಟು ಲಾಕ್ ಮಾಡಿದೆ, ಶಟರ್ ಬಿತ್ತು. 1/4000ರಲ್ಲಿ ಪಟ್ಟಿ ಇಲ್ಲ. ಮೂರು ಅಪರ್ಚರಲ್ಲೂ ಬೆಳಕು ಸಮ. ಆಕಾಶದಲ್ಲಿ ಬೂದು ಚುಕ್ಕಿ ನಾಲ್ಕೈದು ಇದೆ, ಗೀಟು ಇಲ್ಲ.

ಆದರೆ 70-300 ಒಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿದಾಗ ಅಂಚಿನಿಂದ ತೆಳು ಎಳೆಗಳು ಹರಡಿರೋದು ಕಾಣಿಸ್ತು. ಇದೇ ಫಂಗಸ್ಸಾ? ಒರೆಸಿದ್ರೆ ಹೋಗಲ್ಲ, ಗಾಜಿನ ಒಳಗಡೆ ಇದೆ.

ಆಗುಂಬೆ ಘಾಟಿ

ಹೌದು, ಅದೇ. ಕೂದಲೆಳೆಯ ಹಾಗೆ ಕವಲೊಡೆದು ಹರಡಿದ್ರೆ ಫಂಗಸ್. ಧೂಳಾದ್ರೆ ಬಿಡಿ ಬಿಡಿ ಚುಕ್ಕಿ, ಪೂರ್ತಿ ಮಂಜು ಮುಸುಕಿದ ಹಾಗಿದ್ರೆ ಹೇಜ್. ನಮ್ಮ ಕಡೆ ಹಳೇ ಲೆನ್ಸ್ ಕೊಳ್ಳುವಾಗ ಟಾರ್ಚ್ ಇಲ್ಲದೆ ಹೋಗಲೇಬಾರದು. ಹಿಂದಿನ ಗಾಜಿಂದ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಬೇಕು, ಆಮೇಲೆ ತಿರುಗಿಸಿ ಇನ್ನೊಂದು ಕಡೆಯಿಂದ.

ತೆಳುವಾಗಿರುವಾಗ ಬಿಚ್ಚಿ ತೊಳೆದ್ರೆ ಹೋಗುತ್ತೆ. ಬಹಳ ದಿನ ಬಿಟ್ಟಿದ್ರೆ ಅದು ಬಿಡುವ ಆಮ್ಲ ಗಾಜಿನ ಕೋಟಿಂಗ್ ತಿಂದು ಗುರುತು ಉಳಿಸುತ್ತೆ, ಅದು ಹೋಗಲ್ಲ. ಆಟೋಫೋಕಸ್ಸೂ ಇಲ್ಲದ ಆ ಲೆನ್ಸಿಗೆ ತೊಳೆಸೋ ಖರ್ಚು ಹಾಕೋದು ನನಗೆ ಸರಿ ಕಾಣಲ್ಲ. ವಾಪಸ್ ಕೊಡಿ.

ಬಿಸಿಲಿಗೆ ಇಡಿ ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ. ಲೆನ್ಸ್ ಬಿಸಿಲನ್ನ ಒಂದು ಬಿಂದುವಿಗೆ ತಂದು ಕೆಳಗಿರೋದನ್ನ ಸುಡಬಲ್ಲದು.

ಸಾಗರ ಜೋಗದ ರಸ್ತೆ

ನಮ್ಮಜ್ಜಿ ಮನೇಲಿ ಮಳೆಗಾಲದಲ್ಲಿ ಬೆಚ್ಚಗಿರಲಿ ಅಂತ ಎಲ್ಲ ಸಾಮಾನು ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಇಡ್ತಿದ್ರು. ಕ್ಯಾಮೆರಾಕ್ಕೂ ಅದು ಆಗುತ್ತಾ? ಅಕ್ಕಿ ಡಬ್ಬಿಯಲ್ಲಿ ಇಡಿ ಅಂತಾನೂ ಹೇಳ್ತಾರೆ.

ಆಗುಂಬೆ ಘಾಟಿ

ಅಟ್ಟ ಬೇಡ ಮಾರಾಯ್ರೆ. ಹೊಗೆಯ ಮಸಿ, ಜಿಡ್ಡು ಗಾಜಿನ ಮೇಲೆ ಕೂರುತ್ತೆ, ಬಿಸಿಗೆ ಲೆನ್ಸಿನ ಗ್ರೀಸ್ ಇಳಿಯುತ್ತೆ. ಅಕ್ಕಿಯಲ್ಲಿ ತೌಡಿನ ಪುಡಿ ಇರುತ್ತೆ, ಅದು ಜೂಮ್ ರಿಂಗೊಳಗೆ ಸೇರಿದ್ರೆ ಕರಕರ ಅನ್ನುತ್ತೆ.

ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕ, ಇಷ್ಟೇ ಸಾಕು. ಮಾಪಕ 40ರಿಂದ 50 ಪ್ರತಿಶತ ತೋರಿಸ್ತಿರಬೇಕು. 60 ದಾಟಲು ಬಿಡಬೇಡಿ, ತೀರಾ 30ಕ್ಕೆ ಇಳಿಸಲೂಬೇಡಿ. ನೀಲಿ ಜೆಲ್ ಗುಲಾಬಿ ಆದ್ರೆ, ಕೇಸರಿ ಜೆಲ್ ಹಸಿರಾದ್ರೆ ನೀರು ಕುಡಿದು ತುಂಬಿದೆ ಅಂತ. ಹದವಾದ ಬಿಸಿಯಲ್ಲಿ ಒಣಗಿಸಿ, ತಣಿದ ಮೇಲೆ ಮತ್ತೆ ಹಾಕಿ. ಜೆಲ್ ಒಣಗಿಸೋಕೆ ಅಡುಗೆ ಪಾತ್ರೆ ಬಳಸಬೇಡಿ.

ಚರ್ಮದ ಚೀಲದೊಳಗೆ ಮುಚ್ಚಿ ಕಪಾಟಲ್ಲಿ ಇಡೋದು ಎಲ್ಲಕ್ಕಿಂತ ಕೆಟ್ಟದ್ದು. ಬಳಸ್ತಾ ಇರೋ ಲೆನ್ಸಿಗೆ ಫಂಗಸ್ ಬೇಗ ಹಿಡಿಯಲ್ಲ.

ಹೊಸನಗರ ಅಡಿಕೆತೋಟ

ಫಂಗಸ್ ಹಿಡಿದ ಲೆನ್ಸನ್ನ ಬೇರೆಯವುಗಳ ಜೊತೆ ಇಡಬಾರದು ಅನ್ನೋದನ್ನೂ ಸೇರಿಸಿ. ಹರಡುತ್ತೆ.

ಆಗುಂಬೆ ಘಾಟಿ

ಅದನ್ನ ನಾನು ಅಷ್ಟು ಒಪ್ಪಲ್ಲ. ಶಿಲೀಂಧ್ರದ ಬೀಜಕಣ ಗಾಳಿಯಲ್ಲಿ ಎಲ್ಲ ಕಡೆ ಇದ್ದೇ ಇರುತ್ತೆ. ನಮ್ಮೂರ ಆಷಾಢದಲ್ಲಿ ಗೋಡೆಗೂ ಬರುತ್ತೆ, ಚಪ್ಪಲಿಗೂ ಬರುತ್ತೆ. ಅದು ಬೆಳೆಯೋದು ತೇವ ಇದ್ದಲ್ಲಿ. ಡಬ್ಬಿ ಒಣಗಿದ್ರೆ ಪಕ್ಕದ ಲೆನ್ಸಿಗೆ ಭಯ ಇಲ್ಲ, ಡಬ್ಬಿ ಒದ್ದೆ ಇದ್ರೆ ಬೇರೆ ಇಟ್ಟರೂ ಬಿಡಲ್ಲ. ಆದರೂ ಬೇರೆ ಇಟ್ಟರೆ ನಷ್ಟ ಇಲ್ಲ, ಇಡಿ.

ತುಂಗಾತೀರ, ತೀರ್ಥಹಳ್ಳಿ

ಮಾರಿದವರ ಹತ್ತಿರ ಮಾತಾಡಿದೆ. ಎರಡೂ ಲೆನ್ಸ್ ವಾಪಸ್ ತಗೊಂಡು ಅದರ ದುಡ್ಡು ಇಳಿಸ್ತೀನಿ ಅಂದ್ರು. ಆ 18-55 ಅವರ ಮಗಳ ಹೊಸ ಕ್ಯಾಮೆರಾದ್ದಂತೆ, ಅವರಿಗೂ ಗೊತ್ತಿರಲಿಲ್ಲ. ಬಾಡಿ ಇಟ್ಕೋತೀನಿ.

ಈಗ ಎರಡು ಪ್ರಶ್ನೆ. ಹಕ್ಕಿಗೆ ಯಾವ ಲೆನ್ಸ್ ಹುಡುಕಲಿ? 50ರಲ್ಲಿ ಕೈ ಫೋಕಸ್ ಮಾಡೋಕೆ ಸುಲಭದ ದಾರಿ ಇದ್ಯಾ? ನನ್ನ ಕಣ್ಣಿಗೆ ಸರಿ ಅನ್ನಿಸಿದ್ದು ಕಂಪ್ಯೂಟರಲ್ಲಿ ನೋಡಿದ್ರೆ ಮಸುಕು.

ಮಂಡಗದ್ದೆ ನೀರುಕಾಗೆ

ಹಕ್ಕಿಗೆ 70-300 ಅಂತ ಅಂಕಿ ಮಾತ್ರ ನೋಡಿ ಮತ್ತೆ ಕೊಳ್ಳಬೇಡಿ. ಆ ಅಂಕಿಯಲ್ಲಿ ನಿಕಾನ್ ಹಲವು ಲೆನ್ಸ್ ಮಾಡಿದೆ. ಎಎಫ್ ಜಿ ನಿಮ್ಮ ಹತ್ತಿರ ಇದ್ದದ್ದು. ಎಎಫ್ ಡಿ ಅಂತ ಇನ್ನೊಂದು ಹಳೇದು ಇದೆ, ಅದಕ್ಕೂ ಮೋಟಾರ್ ಇಲ್ಲ. ಎಎಫ್-ಪಿ ಡಿಎಕ್ಸ್ (ಸಣ್ಣ ಸೆನ್ಸರಿಗೆ ಮಾಡಿದ್ದು), ಎಎಫ್-ಪಿ ಫುಲ್ ಫ್ರೇಮ್ ಎರಡೂ ನಿಮ್ಮ ಬಾಡಿಗೆ ಆಗಲ್ಲ. 2006ರಲ್ಲಿ ಬಂದ ಎಎಫ್-ಎಸ್ 70-300 4.5-5.6 ಜಿ ವಿಆರ್ ಒಂದೇ ಪೂರ್ತಿ ಕೆಲಸ ಮಾಡೋದು. ಅದು ದುಬಾರಿ ಅನ್ನಿಸಿದ್ರೆ ಎಎಫ್-ಎಸ್ ಡಿಎಕ್ಸ್ 55-300 ವಿಆರ್ ನೋಡಿ. ಫೋಕಸ್ ಸ್ವಲ್ಪ ನಿಧಾನ, ಹಾರುವ ಹಕ್ಕಿಗೆ ತಡವರಿಸುತ್ತೆ, ಗೂಡಿನ ಹಕ್ಕಿಗೆ ಧಾರಾಳ ಸಾಕು. ಡಿ3200ರಲ್ಲಿ 300 ಅಂದ್ರೆ ಫುಲ್ ಫ್ರೇಮಿನ 450ರಷ್ಟು ನೋಟ.

ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟೋದು ಮಳೆಗಾಲದಲ್ಲೇ. ಮೋಡದ ಬೆಳಕು, ಬಿಳೀ ಹಕ್ಕಿ, ಕಪ್ಪು ಎಲೆ. ಕ್ಯಾಮೆರಾ ಎಲೆಯ ಕಪ್ಪು ನೋಡಿ ಬೆಳಕು ಹೆಚ್ಚು ಕೊಟ್ಟು ಬೆಳ್ಳಕ್ಕಿಯ ಗರಿ ಸುಟ್ಟುಹಾಕುತ್ತೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ (ಬೆಳಕು ಹೆಚ್ಚು ಕಡಿಮೆ ಮಾಡೋ ಸೆಟ್ಟಿಂಗ್) ಮೈನಸ್ ಕಡೆಗೆ ಇಳಿಸಿ ಶುರು ಮಾಡಿ. ಎಸಿ ಕಾರಿಂದ ಇಳಿದ ಕೂಡಲೇ ಕ್ಯಾಮೆರಾ ಹೊರಗೆ ತೆಗೀಬೇಡಿ, ಗಾಜು ಮಂಜಾಗುತ್ತೆ. ಚೀಲದೊಳಗೇ ಅರ್ಧ ಗಂಟೆ ಬಿಡಿ.

ದುರ್ಗಿಗುಡಿ ಸ್ಟುಡಿಯೋ

50ಕ್ಕೆ ಉತ್ತರ: ವ್ಯೂಫೈಂಡರ್ ಕೆಳಗೆ ಎಡಗಡೆ ಹಸಿರು ಚುಕ್ಕಿ ಇದೆ. ನೀವು ಆರಿಸಿದ ಫೋಕಸ್ ಬಿಂದು ಸ್ಪಷ್ಟ ಆದಾಗ ಅದು ಮಿಣುಕದೆ ನಿಲ್ಲುತ್ತೆ. ಮೆನುವಿನಲ್ಲಿ ರೇಂಜ್‌ಫೈಂಡರ್ ಅಂತ ಇದೆ, ಆನ್ ಮಾಡಿ. ಯಾವ ಕಡೆ ತಿರುಗಿಸಬೇಕು ಅಂತಲೂ ತೋರಿಸುತ್ತೆ. ಮೋಡ್ ಡಯಲ್ ಎಂ ಗೆ ಇದ್ದಾಗ ಮಾತ್ರ ಬರಲ್ಲ. ಕೂತಿರೋ ವಸ್ತು ಆದ್ರೆ ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ) ದೊಡ್ಡದು ಮಾಡಿ ಫೋಕಸ್ ಮಾಡಿ, ಅದಕ್ಕಿಂತ ನಿಖರ ಇನ್ನೊಂದಿಲ್ಲ. 1.8ರಲ್ಲಿ ಸ್ಪಷ್ಟ ಇರೋ ಜಾಗ ಬಹಳ ತೆಳು, ಕಲಿಯುವಾಗ 2.8 ಇಟ್ಕೊಳ್ಳಿ. ಮಾವನ ಲೆನ್ಸನ್ನ ಮಾರಬೇಡಿ. ನಿಮ್ಮ ಬಾಡಿಯಲ್ಲಿ ಅದು 75ರ ನೋಟ ಕೊಡುತ್ತೆ, ಮನೆಯವರ ಮುಖಚಿತ್ರಕ್ಕೆ ಚೆನ್ನಾಗಿರುತ್ತೆ.

ತುಂಗಾತೀರ, ತೀರ್ಥಹಳ್ಳಿ

ರೇಂಜ್‌ಫೈಂಡರ್ ಆನ್ ಮಾಡಿ ಅಮ್ಮ ಹೂ ಕಟ್ಟುವಾಗ ತೆಗೆದೆ ಅಣ್ಣ, ಕಣ್ರೆಪ್ಪೆ ಎಣಿಸಬಹುದು. ಸೆನ್ಸರ್ ಚುಕ್ಕಿಗೆ ಏನು ಮಾಡಲಿ? ಬಾಯಲ್ಲಿ ಊದಬಹುದಾ?

ದುರ್ಗಿಗುಡಿ ಸ್ಟುಡಿಯೋ

ಬಾಯಲ್ಲಿ ಬೇಡವೇ ಬೇಡ, ಎಂಜಲು ಹಾರುತ್ತೆ. ಡಬ್ಬಿಯ ಗ್ಯಾಸ್ ಕೂಡ ಬೇಡ. ರಬ್ಬರ್ ಬ್ಲೋಯರ್ ತಗೊಳ್ಳಿ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಸೆಟಪ್ ಮೆನುವಿನಲ್ಲಿ ಲಾಕ್ ಮಿರರ್ ಅಪ್ ಫಾರ್ ಕ್ಲೀನಿಂಗ್ ಆರಿಸಿ, ಶಟರ್ ಒತ್ತಿದ್ರೆ ಕನ್ನಡಿ ಮೇಲೇಳುತ್ತೆ. ಕ್ಯಾಮೆರಾದ ಬಾಯಿ ನೆಲದ ಕಡೆ ಇರಲಿ, ಧೂಳು ಕೆಳಗೆ ಬೀಳಬೇಕು. ಬ್ಲೋಯರ್ ತುದಿ ಒಳಗೆ ತೂರಿಸಬೇಡಿ, ಹೊರಗಿನಿಂದಲೇ ಊದಿ. ಮುಗಿದ ಮೇಲೆ ಆಫ್ ಮಾಡಿದ್ರೆ ಕನ್ನಡಿ ಇಳಿಯುತ್ತೆ. ಮತ್ತೆ ಎಫ್ 16ರಲ್ಲಿ ಆಕಾಶ ತೆಗೆದು ನೋಡಿ. ಆಗಲೂ ಒಂದೆರಡು ಉಳಿದ್ರೆ ಶಿವಮೊಗ್ಗಕ್ಕೆ ಬಂದಾಗ ಬಾಡಿ ಹಿಡ್ಕೊಂಡು ಬನ್ನಿ, ಸ್ವ್ಯಾಬ್ (ಸೆನ್ಸರ್ ಒರೆಸೋ ಕಡ್ಡಿ) ಹಾಕೋದು ಹೇಗೆ ಅಂತ ಎದುರಿಗೇ ತೋರಿಸ್ತೀನಿ.